ಮೂರು ದಿನದ ನೆರೆಹೊರೆ

ದಿನವೂ ಮುಖ ನೋಡಬೇಕಾದವರೊಡನೆ ಒರಟಾಗಿ ನಡೆದುಕೊಳ್ಳುವ ಮನುಷ್ಯನು ಮತ್ತೆಂದೂ ಕಾಣದ ಅಪರಿಚಿತನೊಡನೆ ಬಹು ಸೌಜನ್ಯದಿಂದ ವರ್ತಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪಕ್ಕದ ಮನೆಯವನಿಗೆ ಒಂದು ಕೊಡ ನೀರು ಕೊಡುವುದಕ್ಕೆ ಹಿಂದುಮುಂದು ನೋಡುವವನೇ ರೈಲಿನಲ್ಲಿ ಎದುರು ಕುಳಿತವನಿಗೆ ಬುತ್ತಿ ಬಿಚ್ಚಿ ಅರ್ಧ ಕೊಡುತ್ತಾನೆ. ಜಾತ್ರೆಯಲ್ಲಿ ಗಾಡಿ ಬಿಟ್ಟುಕೊಂಡು ಎರಡು ರಾತ್ರಿ ಅಣ್ಣತಮ್ಮಂದಿರಂತೆ ಇದ್ದವರು ಊರಿಗೆ ಮರಳಿದೊಡನೆ ಹೊಲದ ಬದುವಿನ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಇವೆರಡರಲ್ಲಿ ಯಾವುದು ಆ ಮನುಷ್ಯನ ನಿಜವಾದ ಸ್ವಭಾವ? ಜಾತ್ರೆಯಲ್ಲಿ ಕಂಡದ್ದು ವೇಷವೆ, ಊರಿನಲ್ಲಿ ಕಾಣುವುದು ವೇಷವೆ? ಎರಡು ಮೂರು ದಿನ ಮಾತ್ರ ಬಾಳುವ ಒಳ್ಳೆಯತನಕ್ಕೆ ನೀತಿಯ ದೃಷ್ಟಿಯಲ್ಲಿ ಬೆಲೆಯುಂಟೆ? ಉಂಟಾದರೆ ಎಷ್ಟು?

ಈ ಪ್ರಶ್ನೆಯನ್ನು ನಮ್ಮ ಓಣಿಯ ನಿದರ್ಶನಗಳಿಂದಲೇ ವಿಚಾರಮಾಡಬಹುದು. ಆದರೆ ಹತ್ತಿರದ ಸಂಗತಿಗಳಲ್ಲಿ ನಮ್ಮ ರಾಗದ್ವೇಷಗಳು ಅಡ್ಡ ಬರುತ್ತವೆ. ನಾವು ನ್ಯಾಯಾಧೀಶರಾಗುವ ಮೊದಲೇ ಕಕ್ಷಿದಾರರಾಗಿಬಿಟ್ಟಿರುತ್ತೇವೆ. ಆದಕಾರಣ ನಮಗೆ ಹಂಗಿಲ್ಲದ, ಹಗೆಯೂ ಇಲ್ಲದ ಒಂದು ದೂರದ ಬಿಡಾರವನ್ನು ಆರಿಸಿಕೊಳ್ಳೋಣ. ಅದು ಅಮೆರಿಕದಲ್ಲಿ ಮೋಟಾರು ಪಂದ್ಯವನ್ನು ನೋಡುವುದಕ್ಕಾಗಿ ಕೂಡುವ ಜನರ ಬಿಡಾರ.

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ರಾಜ್ಯಗಳಲ್ಲಿ ‘ಸ್ಟಾಕ್ ಕಾರ್’ ರೇಸು ಬಹು ಜನಪ್ರಿಯವಾದದ್ದು. ‘ಸ್ಟಾಕ್’ ಎಂದರೆ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟ ಸರಕು. ಯಾರು ಬೇಕಾದರೂ ಕೊಳ್ಳಬಹುದಾದ ಸಾಧಾರಣ ಕಾರನ್ನೇ ಪಂದ್ಯಕ್ಕೆ ಓಡಿಸುವುದೆಂಬುದು ಆ ಹೆಸರಿನ ಮೂಲಾರ್ಥ. ಕಳ್ಳಭಟ್ಟಿಯನ್ನು ರಾತ್ರಿಯ ಹೊತ್ತು ಬೆಟ್ಟದ ದಾರಿಗಳಲ್ಲಿ ಪೋಲೀಸರ ಕೈಗೆ ಸಿಕ್ಕದಂತೆ ಸಾಗಿಸುತ್ತಿದ್ದ ಚಾಲಕರಲ್ಲಿ ಕೆಲವರು ಮೊದಮೊದಲ ಪಂದ್ಯಗಳ ವೀರರಾಗಿದ್ದರು. 1947ರ ಡಿಸೆಂಬರಿನಲ್ಲಿ ಬಿಲ್ ಫ್ರಾನ್ಸ್ ಎಂಬಾತನು ಫ್ಲಾರಿಡಾದ ಡೇಟೋನಾ ಬೀಚ್ ಪಟ್ಟಣದ ಹೋಟೆಲೊಂದರಲ್ಲಿ ಸಭೆ ಸೇರಿಸಿದನು. ಅದರ ಫಲವಾಗಿ 1948ರ ಫೆಬ್ರವರಿಯಲ್ಲಿ ನ್ಯಾಸ್ಕಾರ್ ಎಂಬ ಸಂಸ್ಥೆ ಹುಟ್ಟಿತು. ಇಂದು ಪಂದ್ಯದಲ್ಲಿ ಓಡುವ ಕಾರಿಗೂ ಅಂಗಡಿಯ ಕಾರಿಗೂ ಹೊರರೂಪದ ಹೋಲಿಕೆಯನ್ನು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ. ಆದರೂ ನೋಡುವವನ ಮನಸ್ಸಿನಲ್ಲಿ ‘ಇದು ನನ್ನ ಮನೆಯ ಮುಂದೆ ನಿಂತಿರುವ ಗಾಡಿಯ ಬಂಧು’ ಎಂಬ ಭಾವನೆ ಇಂದಿಗೂ ಉಳಿದಿದೆ.

ಇಂಥ ಪಂದ್ಯಗಳು ನಡೆಯುವ ಸ್ಥಳಗಳಲ್ಲಿ ಅಲಬಾಮಾ ರಾಜ್ಯದ ಟ್ಯಾಲಡೇಗಾ ಬಹು ಹೆಸರಾದದ್ದು. ಹಳೆಯ ವಿಮಾನನೆಲೆಯೊಂದರ ಭೂಮಿಯಲ್ಲಿ ಕಟ್ಟಿದ ಈ ಓಟದ ಹಾದಿ 1969ರಲ್ಲಿ ಆರಂಭವಾಯಿತು. ಒಂದು ಸುತ್ತಿನ ಉದ್ದ 2.66 ಮೈಲಿ. ತಿರುವುಗಳಲ್ಲಿ ರಸ್ತೆ 33 ಡಿಗ್ರಿಯಷ್ಟು ಓರೆಯಾಗಿ ಎದ್ದಿದೆ. ನಡೆದು ಹತ್ತುವವನಿಗೆ ಅದು ರಸ್ತೆಯೆನ್ನಿಸದೆ ಗುಡ್ಡದ ಇಳಿಜಾರಿನಂತೆ ತೋರುತ್ತದೆ. ಮುಖ್ಯ ಪಂದ್ಯದಲ್ಲಿ 188 ಸುತ್ತು, ಅಂದರೆ 500 ಮೈಲಿ ಓಡಬೇಕು. ಒಂದು ಸುತ್ತಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. 1987ರಲ್ಲಿ ಬಿಲ್ ಎಲಿಯಟ್ ಎಂಬ ಚಾಲಕನು ಇಲ್ಲಿಯೇ ಅರ್ಹತಾ ಸುತ್ತಿನಲ್ಲಿ ಗಂಟೆಗೆ 212 ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿದನು.

ನಮ್ಮ ವಿಚಾರಕ್ಕೆ ಬೇಕಾದದ್ದು ಈ ವೇಗವಲ್ಲ. ವೇಗದ ನಡುವೆ ನಿಶ್ಚಲವಾಗಿ ಕುಳಿತಿರುವ ಊರು. ಓಟದ ಹಾದಿಯು ಸುತ್ತುವರಿದಿರುವ ಒಳಬಯಲಿನಲ್ಲಿಯೂ ಹೊರಗಿನ ವಿಶಾಲವಾದ ಮೈದಾನಗಳಲ್ಲಿಯೂ ಪಂದ್ಯಕ್ಕೆ ಕೆಲವು ದಿನ ಮುಂಚಿತವಾಗಿಯೇ ಜನರು ಬಂದು ಬಿಡಾರ ಹೂಡುತ್ತಾರೆ. ಕೆಲವರದು ಮಲಗುವ ಕೋಣೆ, ಅಡಿಗೆಯ ಒಲೆ, ಸ್ನಾನದ ಮನೆ ಎಲ್ಲವನ್ನೂ ಹೊತ್ತ ದೊಡ್ಡ ಮನೆಬಂಡಿ. ಕೆಲವರದು ಬರಿಯ ಡೇರೆ. ಇನ್ನು ಕೆಲವರು ಹಳೆಯ ಶಾಲಾ ಬಸ್ಸೊಂದನ್ನು ಕೊಂಡು, ಮೆಚ್ಚಿನ ಚಾಲಕನ ಬಣ್ಣ ಬಳಿದು, ಮೇಲ್ಗಡೆ ಅಟ್ಟಣೆ ಕಟ್ಟಿ, ಅದರ ಮೇಲೆ ಕುರ್ಚಿಗಳನ್ನು ಹಾಕಿಕೊಳ್ಳುತ್ತಾರೆ. ಕಂಬಗಳ ಮೇಲೆ ಚಾಲಕರ ಅಂಕೆಗಳನ್ನು ಬರೆದ ಬಾವುಟಗಳು ಹಾರಾಡುತ್ತವೆ. ಬಯಲಿನ ತುಂಬ ಮಾಂಸ ಸುಡುವ ಹೊಗೆ, ಜನರೇಟರುಗಳ ಗುಂಯ್‌ಗುಟ್ಟುವಿಕೆ, ಹಾಡು, ಕುಣಿತ, ಬಿಯರು. ವರ್ಷವರ್ಷವೂ ಅದೇ ಜಾಗಕ್ಕೆ ಬರುವ ಕುಟುಂಬಗಳುಂಟು. ತಂದೆಯ ಕೈ ಹಿಡಿದು ಬಂದವನು ತನ್ನ ಮಗನ ಕೈ ಹಿಡಿದು ಬರುವುದುಂಟು.

ಈ ಊರಿನಲ್ಲಿ ಬೀಗಕ್ಕೆ ಹೆಚ್ಚು ಕೆಲಸವಿಲ್ಲ. ಒಬ್ಬನ ಜನರೇಟರು ಕೆಟ್ಟರೆ ಪಕ್ಕದವನು ತಂತಿ ಎಳೆದು ಬೆಳಕು ಕೊಡುತ್ತಾನೆ. ಸುತ್ತಿಗೆ, ಹಗ್ಗ, ಮಂಜುಗಡ್ಡೆ, ಉಪ್ಪು ಎಲ್ಲವೂ ಕೈಗಡವಾಗಿ ಬಿಡಾರದಿಂದ ಬಿಡಾರಕ್ಕೆ ಓಡಾಡುತ್ತವೆ. ಹೊಸಬನು ಹಾದುಹೋದರೆ ‘ಊಟವಾಯಿತೆ?’ ಎಂದು ಕೇಳಿ ತಟ್ಟೆ ಕೊಡುವುದು ಅಲ್ಲಿಯ ರೂಢಿ. ಇನ್ನೂ ವಿಶೇಷವಾದ ಸಂಗತಿಯೆಂದರೆ, ಇವರೆಲ್ಲ ಒಂದೇ ಪಕ್ಷದವರಲ್ಲ. ಒಬ್ಬನು ಗೆಲ್ಲಲೆಂದು ಹರಸುವ ಚಾಲಕನು ಸೋಲಲೆಂದು ಪಕ್ಕದ ಬಿಡಾರದವನು ಹಾರೈಸುತ್ತಿರುತ್ತಾನೆ. ಆದರೂ ಇಬ್ಬರೂ ಒಂದೇ ಒಲೆಯ ಸುತ್ತ ಕುಳಿತು ಉಣ್ಣುತ್ತಾರೆ. ಭಾನುವಾರ ಪಂದ್ಯ ಮುಗಿಯುತ್ತದೆ. ಸೋಮವಾರದ ಹೊತ್ತಿಗೆ ಊರು ಕಿತ್ತುಹೋಗಿ ಬಯಲು ಬಯಲಾಗಿಯೇ ಉಳಿಯುತ್ತದೆ.

ಇದನ್ನು ಕೇಳಿದೊಡನೆ ವಿವೇಕಿಯಾದವನಿಗೆ ಒಂದು ಸಂದೇಹ ಬರುವುದು ಸಹಜ. ಈ ಸೌಹಾರ್ದವು ಅಗ್ಗದ ಸರಕಲ್ಲವೆ? ಅಲ್ಲಿ ಇಬ್ಬರ ನಡುವೆ ಹಂಚಿಕೊಳ್ಳಬೇಕಾದ ಬಾವಿಯಿಲ್ಲ, ಪಿತ್ರಾರ್ಜಿತ ಆಸ್ತಿಯಿಲ್ಲ, ಮಕ್ಕಳ ಮದುವೆಯ ಮಾತಿಲ್ಲ, ಪಂಚಾಯಿತಿಯ ಚುನಾವಣೆಯಿಲ್ಲ. ಟಿಕೆಟ್ಟು ಕೊಂಡು ಬಂದ ಸುಖಿಗಳು, ಒಂದೇ ಅಭಿರುಚಿಯವರು, ರಜದ ಮನಸ್ಸಿನಲ್ಲಿರುವವರು. ಹೊಟ್ಟೆ ತುಂಬಿದೆ, ನಾಳಿದ್ದು ಹೊರಟುಹೋಗುವುದು ಖಂಡಿತ. ಇಂಥ ಕಡೆ ಒಳ್ಳೆಯವನಾಗಿರುವುದಕ್ಕೆ ಏನು ಕಷ್ಟ? ಗಾಳಿಯಿಲ್ಲದ ಕೋಣೆಯಲ್ಲಿ ದೀಪ ಆರದೆ ಉರಿದರೆ ಅದು ದೀಪದ ಹೆಚ್ಚುಗಾರಿಕೆಯಾಗುವುದಿಲ್ಲ.

ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಪ್ರಯೋಜನಕ್ಕಾಗಿ ಹುಟ್ಟಿದ್ದು ಒಂದು. ಸಂತೋಷಕ್ಕಾಗಿ ಹುಟ್ಟಿದ್ದು ಇನ್ನೊಂದು. ಇನ್ನೊಬ್ಬನ ಒಳಿತನ್ನು ಅವನಿಗಾಗಿಯೇ ಬಯಸುವುದು ಮೂರನೆಯದು. ಮೊದಲಿನವೆರಡೂ ಕಾರಣವಿರುವ ತನಕ ಬಾಳಿ, ಕಾರಣ ತೀರಿದೊಡನೆ ಕರಗಿಹೋಗುತ್ತವೆ. ಮೂರನೆಯದು ಅಪೂರ್ವ, ಅದಕ್ಕೆ ಕಾಲ ಬೇಕು, ಒಡನಾಟ ಬೇಕು. ಜೊತೆಯಲ್ಲಿ ಕೂಡಿ ಉಪ್ಪು ತಿಂದಲ್ಲದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗಾದೆಯನ್ನು ಅವನು ಅಲ್ಲಿ ನೆನೆಯುತ್ತಾನೆ. ಉಪ್ಪಿನ ಋಣವನ್ನು ಬಲ್ಲ ನಮಗೆ ಈ ಮಾತು ಹೊಸದಲ್ಲ.

ಟ್ಯಾಲಡೇಗಾದಲ್ಲಿ ಮೊದಲಿನ ಎರಡು ಬಗೆಗಳನ್ನೂ ಏಕಕಾಲದಲ್ಲಿ ಕಾಣಬಹುದು. ಪ್ರಯೋಜನದ ಸ್ನೇಹವಿರುವುದು ಓಟದ ಹಾದಿಯಲ್ಲಿ. ಅಂಥ ವೇಗದಲ್ಲಿ ಗಾಳಿಯೇ ಗೋಡೆಯಾಗುತ್ತದೆ. ಒಂದು ಕಾರಿನ ಬೆನ್ನಿಗೆ ಇನ್ನೊಂದು ಅಂಟಿದಂತೆ ಓಡಿದರೆ, ಒಂಟಿಯಾಗಿ ಓಡುವುದಕ್ಕಿಂತ ಎರಡೂ ಹೆಚ್ಚು ವೇಗವಾಗಿ ಹೋಗುತ್ತವೆ. ಆದ್ದರಿಂದ ಅಲ್ಲಿ ಒಂಟಿಯಾಗಿ ಗೆಲ್ಲುವುದು ಬಹು ಕಷ್ಟ. ಪ್ರತಿಸ್ಪರ್ಧಿಯ ನೆರವು ಬೇಕೇ ಬೇಕು. ನೂರಾರು ಮೈಲಿ ಒಬ್ಬರಿಗೊಬ್ಬರು ಬೆನ್ನಾಸರೆಯಾಗಿ ಬಂದವರು ಕೊನೆಯ ಸುತ್ತಿನಲ್ಲಿ ಸಾಲಿನಿಂದ ಸಿಡಿದು ಒಬ್ಬರನ್ನೊಬ್ಬರು ಹಿಂದೆ ಹಾಕಲು ನೋಡುತ್ತಾರೆ. ಇದರಲ್ಲಿ ದ್ರೋಹವೇನೂ ಇಲ್ಲ, ಕರಾರೇ ಅಷ್ಟಕ್ಕೆ. ಹಾದಿಯಲ್ಲಿರುವುದು ಪ್ರಯೋಜನದ ಸ್ನೇಹವಾದರೆ, ಬಯಲಿನ ಬಿಡಾರಗಳಲ್ಲಿರುವುದು ಸಂತೋಷದ ಸ್ನೇಹ. ಎರಡಕ್ಕೂ ಭಾನುವಾರ ಸಂಜೆಯೇ ಗಡುವು.

ಹಾಗಾದರೆ ಬಿಡಾರದ ಒಳ್ಳೆಯತನವನ್ನು ಸುಳ್ಳೆಂದು ತಳ್ಳಿಬಿಡಬೇಕೆ? ಅದು ಅವಸರದ ತೀರ್ಪಾಗುತ್ತದೆ. ಸಂತೋಷದಿಂದ ಹುಟ್ಟಿದ್ದೆಲ್ಲ ಹಗುರವಾದದ್ದಲ್ಲ. ಮಳೆ ಬಂದಾಗ ಏನಾಗುತ್ತದೆಂಬುದನ್ನು ನೋಡಿರಿ. ಇಂಥ ಓರೆಯ ಹಾದಿ ಒದ್ದೆಯಾದರೆ ಪಂದ್ಯ ನಿಲ್ಲುತ್ತದೆ. ಕೆಲವೊಮ್ಮೆ ಮರುದಿನಕ್ಕೆ ಹೋಗುತ್ತದೆ. ಆಗ ಬಯಲು ಕೆಸರಾಗುತ್ತದೆ, ಡೇರೆ ಸೋರುತ್ತದೆ, ನೋಡಬಂದದ್ದು ನೋಡಸಿಕ್ಕುವುದಿಲ್ಲ. ಸಂತೋಷವೊಂದೇ ಆ ನಂಟಿಗೆ ಕಾರಣವಾಗಿದ್ದರೆ ಅದು ಆ ಗಳಿಗೆಯಲ್ಲಿಯೇ ಕಳಚಿಕೊಳ್ಳಬೇಕಾಗಿತ್ತು. ಆದರೆ ಅಂಥ ಹೊತ್ತಿನಲ್ಲಿಯೇ ಒಣಗಿದ ತಾವುಳ್ಳವನು ನೆನೆದವನನ್ನು ಒಳಗೆ ಕರೆಯುತ್ತಾನೆ.

ದುಃಖದ ಸಂದರ್ಭವೊಂದನ್ನೂ ಇಲ್ಲಿ ನೆನೆಯಬೇಕು. ಡೇಲ್ ಅರ್ನ್‌ಹಾರ್ಟ್ ಎಂಬ ಚಾಲಕನು ತನ್ನ ಕೊನೆಯ ಗೆಲವನ್ನು ಪಡೆದದ್ದು 2000ದ ಅಕ್ಟೋಬರಿನಲ್ಲಿ, ಟ್ಯಾಲಡೇಗಾದಲ್ಲಿಯೇ. ಮುಂದಿನ ಫೆಬ್ರವರಿ 18ರಂದು ಡೇಟೋನಾ ಪಂದ್ಯದ ಕಟ್ಟಕಡೆಯ ಸುತ್ತಿನಲ್ಲಿ ಗೋಡೆಗೆ ಬಡಿದು ಆತನು ತೀರಿಕೊಂಡನು. ಆತನ ಕಾರಿನ ಅಂಕೆ 3. ಆ ವರ್ಷ ಪಂದ್ಯಗಳಲ್ಲಿ ಮೂರನೆಯ ಸುತ್ತು ಬಂದಾಗ ಪ್ರೇಕ್ಷಕರು ಎದ್ದು ನಿಂತು, ಮೂರು ಬೆರಳನ್ನು ಎತ್ತಿ ಹಿಡಿದು ಮೌನವಾಗಿರುತ್ತಿದ್ದರು. ಅವನ ಅಭಿಮಾನಿಗಳಷ್ಟೇ ಅಲ್ಲ, ಅವನು ಸೋಲಲೆಂದು ವರ್ಷಾನುಗಟ್ಟಲೆ ಕೂಗಿದ್ದವರೂ ಬೆರಳೆತ್ತಿದರು. ಸಂತೋಷಕ್ಕಾಗಿ ಮಾತ್ರ ಕೂಡಿದವರು ಹೀಗೆ ಕೂಡಿ ದುಃಖಿಸಲಾರರು. ಆದಕಾರಣ ಬಿಡಾರದ ಬಾಂಧವ್ಯದಲ್ಲಿ ಸತ್ಯಾಂಶವಿದೆಯೆಂಬುದನ್ನು ಒಪ್ಪಲೇಬೇಕು. ಅಲ್ಪಕಾಲದ್ದೆಂಬ ಒಂದೇ ಕಾರಣದಿಂದ ಅದನ್ನು ನಿರಾಕರಿಸುವುದು, ಸಂಜೆಗೆ ಬಾಡುವುದೆಂದು ಹೂವನ್ನು ಹೂವಲ್ಲವೆಂದ ಹಾಗೆ.

ಇಲ್ಲಿಗೆ ಮೊದಲನೆಯ ಸಂದೇಹ ಪರಿಹಾರವಾಯಿತೆನ್ನೋಣ. ಆದರೆ ಅದಕ್ಕಿಂತ ಭಾರವಾದ ಇನ್ನೊಂದು ಸಂದೇಹವಿದೆ. ಬಿಡಾರದ ಒಳಗಿರುವವರು ಪರಸ್ಪರ ಹೇಗಿದ್ದಾರೆಂಬುದನ್ನು ಇದುವರೆಗೆ ನೋಡಿದೆವು. ಬಿಡಾರದೊಳಕ್ಕೆ ಬರಲು ಯಾರು ಹೆದರಿದರೆಂಬುದನ್ನು ನೋಡಲಿಲ್ಲ. ಔದಾರ್ಯದ ಪರೀಕ್ಷೆ ನಡೆಯುವುದು ಒಲೆಯ ಬಳಿಯಲ್ಲ, ಬೇಲಿಯ ಬಳಿ.

ಟ್ಯಾಲಡೇಗಾದ ಓಟದ ಹಾದಿಯಿಂದ ಪೂರ್ವಕ್ಕೆ, ಇಪ್ಪತ್ತು ಮೈಲಿಯೊಳಗೆ, ಆ್ಯನಿಸ್ಟನ್ ಎಂಬ ಪಟ್ಟಣವಿದೆ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಸ್ಸುಗಳ ನಿಲ್ದಾಣಗಳಲ್ಲಿ ಕರಿಯರು ಬಿಳಿಯರೆಂದು ಬೇರ್ಪಡಿಸುವುದು ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1960ರಲ್ಲಿ ತೀರ್ಪಿತ್ತಿತ್ತು. ತೀರ್ಪು ಕಾಗದದ ಮೇಲಿದೆಯೋ ನೆಲದ ಮೇಲಿದೆಯೋ ನೋಡೋಣವೆಂದು ಕರಿಯರೂ ಬಿಳಿಯರೂ ಒಂದೇ ಬಸ್ಸಿನಲ್ಲಿ ಕೂಡಿ ದಕ್ಷಿಣಕ್ಕೆ ಪ್ರಯಾಣ ಹೊರಟರು. 1961ರ ಮೇ 14ರಂದು ಆ್ಯನಿಸ್ಟನ್ ನಿಲ್ದಾಣದಲ್ಲಿ ಗುಂಪೊಂದು ಆ ಬಸ್ಸಿನ ಟೈರುಗಳನ್ನು ಕೊಯ್ದು, ಅದು ಹೊರಟಾಗ ಬೆನ್ನಟ್ಟಿತು. ಊರ ಹೊರಗೆ ಬಸ್ಸು ನಿಂತಾಗ ಗುಂಪು ಒಳಕ್ಕೆ ಬೆಂಕಿಯನ್ನೆಸೆದು ಬಾಗಿಲನ್ನು ಅದುಮಿ ಹಿಡಿಯಿತು. ಪ್ರಯಾಣಿಕರು ಹೇಗೋ ಹೊರಬಿದ್ದು ಜೀವ ಉಳಿಸಿಕೊಂಡರು. ಹೊರಬಿದ್ದವರಿಗೆ ಪೆಟ್ಟುಗಳು ಬಿದ್ದವು. ಎಂಟು ವರ್ಷಗಳ ತರುವಾಯ, ಆ ನೆಲಕ್ಕೆ ಕೂಗಳತೆಯೆನ್ನಬಹುದಾದ ಸ್ಥಳದಲ್ಲಿ, ಬಣ್ಣ ಬಳಿದ ಹಳೆಯ ಬಸ್ಸುಗಳು ಅತಿಥಿಗೃಹಗಳಾಗುವ ಬಯಲು ತೆರೆಯಿತು. ‘ಇಲ್ಲಿ ಎಲ್ಲರಿಗೂ ಸ್ವಾಗತ’ ಎಂಬ ಮಾತನ್ನು ಆ ಬೆಂಕಿಯನ್ನು ನೆನೆದವನು ಯಾವ ಕಿವಿಯಿಂದ ಕೇಳಬೇಕು?

ಓಟದ ಹಾದಿಯ ಮೇಲೂ ಈ ಬೇಲಿ ಇತ್ತು. ವೆಂಡೆಲ್ ಸ್ಕಾಟ್ ಎಂಬಾತನು ವರ್ಜೀನಿಯಾ ರಾಜ್ಯದ ಕರಿಯ ಚಾಲಕ. ತನ್ನ ಕಾರನ್ನು ತಾನೇ ರಿಪೇರಿ ಮಾಡಿಕೊಂಡು, ಮಕ್ಕಳನ್ನೇ ಕೆಲಸಗಾರರನ್ನಾಗಿ ಕಟ್ಟಿಕೊಂಡು ಊರೂರಿಗೆ ಹೋಗಿ ಸ್ಪರ್ಧಿಸುತ್ತಿದ್ದನು. 1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ನಡೆದ ಪಂದ್ಯದಲ್ಲಿ ಆತನೇ ಮುಂದೆ ಬಂದನು. ಆದರೆ ಗೆದ್ದವನೆಂದು ಸಾರಿದ್ದು ಇನ್ನೊಬ್ಬನನ್ನು. ಪಾರಿತೋಷಕವೂ ಅವನ ಕೈಗೇ ಹೋಯಿತು. ಗಂಟೆಗಳು ಕಳೆದು, ಪ್ರೇಕ್ಷಕರೆಲ್ಲ ಮನೆಗೆ ಹೋದ ಮೇಲೆ, ಸುತ್ತುಗಳ ಎಣಿಕೆಯಲ್ಲಿ ತಪ್ಪಾಯಿತೆಂದು ಒಪ್ಪಿ ಗೆಲವನ್ನು ಸ್ಕಾಟನ ಹೆಸರಿಗೆ ಬರೆದರು. ಬರೆದದ್ದು ಪುಸ್ತಕದಲ್ಲಿ, ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ. 1973ರಲ್ಲಿ ಟ್ಯಾಲಡೇಗಾದ ಭಾರಿ ಅಪಘಾತದಲ್ಲಿ ಗಾಯಗೊಂಡ ಮೇಲೆ ಆತನ ಓಟ ಬಹುಮಟ್ಟಿಗೆ ನಿಂತುಹೋಯಿತು. 1990ರಲ್ಲಿ ಆತನು ತೀರಿಕೊಂಡನು. ಆ ಗೆಲವಿನ ನೆನಪಿನ ಪಾರಿತೋಷಕವೊಂದನ್ನು ಸಂಸ್ಥೆಯು ಆತನ ಕುಟುಂಬಕ್ಕೆ ಒಪ್ಪಿಸಿದ್ದು 2021ರಲ್ಲಿ.

ಬಯಲಿನಲ್ಲಿ ಬೇಲಿಯ ಗುರುತಾಗಿ ಒಂದು ಬಾವುಟವಿತ್ತು. 1861ರಿಂದ 1865ರ ತನಕ ನಡೆದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಒಕ್ಕೂಟದಿಂದ ಸಿಡಿದುಹೋದ ದಕ್ಷಿಣ ರಾಜ್ಯಗಳ ಕಾನ್ಫೆಡರೇಟ್ ರಣಬಾವುಟ ಅದು. ಕೆಂಪು ನೆಲದ ಮೇಲೆ ನಕ್ಷತ್ರಗಳುಳ್ಳ ನೀಲಿಯ ಅಡ್ಡಪಟ್ಟಿಗಳು. ಅನೇಕ ಬಿಡಾರಗಳ ಮೇಲೆ ಅದು ದಶಕಗಳ ಕಾಲ ಹಾರಿತು. 2015ರ ಜೂನಿನಲ್ಲಿ ಚಾರ್ಲ್ಸ್‌ಟನ್ ನಗರದ ಚರ್ಚೊಂದರಲ್ಲಿ ಒಂಬತ್ತು ಮಂದಿ ಕರಿಯರ ಕೊಲೆಯಾದ ಮೇಲೆ ಅದನ್ನು ಹಾರಿಸಬೇಡಿರೆಂದು ಸಂಸ್ಥೆಯು ಪ್ರೇಕ್ಷಕರನ್ನು ಬೇಡಿಕೊಂಡಿತು, ಅನೇಕರು ಕೇಳಲಿಲ್ಲ. 2020ರ ಜೂನ್ 10ರಂದು ಅದನ್ನು ನಿಷೇಧಿಸಲಾಯಿತು.

ಇಲ್ಲಿ ಎದುರುಪಕ್ಷದವನ ಮಾತನ್ನು ನ್ಯಾಯವಾಗಿ ಕೇಳಬೇಕು. ಅವನು ಹೀಗೆನ್ನುತ್ತಾನೆ: “ನನ್ನ ಮುತ್ತಜ್ಜನು ಆ ಬಾವುಟದ ಕೆಳಗೆ ಸತ್ತನು. ನಾನು ಅದನ್ನು ಹಾರಿಸುವುದು ಅವನ ನೆನಪಿಗಾಗಿ, ಯಾರನ್ನೂ ನೋಯಿಸುವುದಕ್ಕಲ್ಲ. ಕರಿಯನೊಬ್ಬನು ನನ್ನ ಬಿಡಾರಕ್ಕೆ ಬಂದರೆ ಅವನಿಗೂ ತಟ್ಟೆ ಕೊಡುತ್ತೇನೆ.” ಇದನ್ನು ಹೇಳುವವರಲ್ಲಿ ಪ್ರಾಮಾಣಿಕರೂ ಇರಬಹುದು. ಆದರೆ ಗುರುತಿನ ಅರ್ಥವು ಎತ್ತಿದವನ ಎದೆಯಲ್ಲಿ ಮಾತ್ರ ಇರುವುದಿಲ್ಲ. ಕಂಡವನ ಕಣ್ಣಿನಲ್ಲಿಯೂ ಇರುತ್ತದೆ. ಬಾಗಿಲಿಗೆ ಹಗ್ಗ ಹುರಿಗಳನ್ನು ನೇತುಹಾಕಿ, ‘ಇವು ಎತ್ತು ಕಟ್ಟಲು, ನೀನು ಧೈರ್ಯವಾಗಿ ಒಳಗೆ ಬಾ’ ಎಂದರೆ, ಯಾರ ಹಿರಿಯರ ಕೊರಳಿಗೆ ಅಂಥ ಹಗ್ಗ ಬಿದ್ದಿತ್ತೋ ಅವನು ಬರುವುದಿಲ್ಲ. ಬಾರದವನಿಗೆ ತಟ್ಟೆ ಕೊಡುವ ಪ್ರಸಂಗವೇ ಬರುವುದಿಲ್ಲ. ‘ಬಂದರೆ ಕೊಡುತ್ತೇನೆ’ ಎಂಬ ಔದಾರ್ಯವು ಹೀಗೆ ಎಂದೂ ಪರೀಕ್ಷೆಗೆ ಒಳಗಾಗದೆಯೇ ತೇರ್ಗಡೆಯಾಗಿಬಿಡುತ್ತದೆ. ಅತಿಥಿಯನ್ನು ಕರೆಯುವುದೆಂದರೆ ಅವನು ನಿರ್ಭಯವಾಗಿ ಬರುವಂತೆ ಮನೆಯ ಮುಂದಣ ಜಾಗವನ್ನು ಹಸನುಮಾಡುವುದೂ ಹೌದು.

ಹಗ್ಗದ ಮಾತು ಬಂದದ್ದರಿಂದ ಒಂದು ಘಟನೆಯನ್ನು ಎರಡು ಕಡೆಗೂ ಅನ್ಯಾಯವಾಗದಂತೆ ಹೇಳಬೇಕು. ನಿಷೇಧವಾದ ಹತ್ತನೆಯ ದಿನದ ಆಚೆಗೆ ಟ್ಯಾಲಡೇಗಾದಲ್ಲಿ ಪಂದ್ಯವಿತ್ತು. ಸಾಂಕ್ರಾಮಿಕ ರೋಗದ ಕಾರಣ ಕೆಲವೇ ಸಾವಿರ ಪ್ರೇಕ್ಷಕರಿಗೆ ಪ್ರವೇಶ. ಬೇಲಿಯ ಹೊರಗಿನ ರಸ್ತೆಯಲ್ಲಿ ಆ ಬಾವುಟ ಹೊತ್ತ ವಾಹನಗಳ ಮೆರವಣಿಗೆ. ಆ ಕಾಲಕ್ಕೆ ಮೇಲ್ತರಗತಿಯ ಪಂದ್ಯಗಳಲ್ಲಿ ವರ್ಷವಿಡೀ ಓಡುತ್ತಿದ್ದ ಏಕೈಕ ಕರಿಯ ಚಾಲಕ ಬಬ್ಬ ವಾಲೆಸ್, ಅಲಬಾಮಾದಲ್ಲಿಯೇ ಹುಟ್ಟಿದವನು. ಆತನಿಗೆ ಕೊಟ್ಟಿದ್ದ ಷೆಡ್ಡಿನಲ್ಲಿ ನೇಣಿನ ಕುಣಿಕೆಯಂತಿದ್ದ ಹಗ್ಗವೊಂದು ಕಂಡಿತು. ಮಳೆಯಿಂದ ಸೋಮವಾರಕ್ಕೆ ಹೋದ ಆ ಪಂದ್ಯ ಆರಂಭವಾಗುವ ಮೊದಲು ಉಳಿದ ಚಾಲಕರೆಲ್ಲರೂ ಕೂಡಿ ಆತನ 43ನೆಯ ಅಂಕೆಯ ಕಾರನ್ನು ಕೈಯಿಂದ ತಳ್ಳಿಕೊಂಡು ಸಾಲಿನ ಮುಂದಕ್ಕೆ ತಂದರು. ಮರುದಿನ ತನಿಖೆಯ ಇಲಾಖೆಯವರು ನಿಜಸ್ಥಿತಿಯನ್ನು ತಿಳಿಸಿದರು: ಅದು ಷೆಡ್ಡಿನ ಬಾಗಿಲನ್ನು ಎಳೆಯುವ ಹಗ್ಗ; 2019ರ ಅಕ್ಟೋಬರಿನಿಂದಲೂ ಅಲ್ಲಿ ಹಾಗೆಯೇ ಇತ್ತು; ವಾಲೆಸನನ್ನು ಉದ್ದೇಶಿಸಿ ಕಟ್ಟಿದ್ದಲ್ಲ. ಇದನ್ನು ಕೇಳಿ ಕೆಲವರು ನಕ್ಕರು. ನಗುವ ಮುನ್ನ ಯೋಚಿಸಬೇಕಾಗಿತ್ತು. ಯಾವ ನೆಲದಲ್ಲಿ ಬಾಗಿಲ ಹಗ್ಗವೂ ನೇಣಾಗಿ ಕಾಣುತ್ತದೆಯೋ ಆ ನೆಲದ ಚರಿತ್ರೆಯಲ್ಲಿ ಹಗ್ಗವನ್ನು ಕಂಡವನ ತಪ್ಪಿಲ್ಲ. ಹಗ್ಗದ ವಿಷಯದಲ್ಲಿ ಊಹೆ ಸುಳ್ಳಾಯಿತು. ಚಾಲಕರು ತಳ್ಳಿದ ಕೈಗಳು ಸುಳ್ಳಾಗಲಿಲ್ಲ. ಮರುವರ್ಷ ಅಕ್ಟೋಬರ್ 4ರಂದು ಅದೇ ಟ್ಯಾಲಡೇಗಾದಲ್ಲಿ, ಮತ್ತೆ ಮಳೆ ಅಡ್ಡಬಂದ ಒಂದು ಸೋಮವಾರ, ವಾಲೆಸನು ಗೆದ್ದನು. ಸ್ಕಾಟನ ತರುವಾಯ ಆ ತರಗತಿಯಲ್ಲಿ ಕರಿಯ ಚಾಲಕನೊಬ್ಬನು ಗೆದ್ದದ್ದು ಅದೇ ಮೊದಲು. ನಡುವೆ ಐವತ್ತೇಳು ವರ್ಷಗಳು ಸಂದಿದ್ದವು.

ಈಗ ಮತ್ತೆ ಆ್ಯನಿಸ್ಟನ್‌ನ ಉರಿಯುವ ಬಸ್ಸಿನ ಬಳಿಗೆ ಹೋಗೋಣ. ಅಲ್ಲಿ ಹೇಳದೆ ಉಳಿಸಿದ್ದೊಂದಿದೆ. ಬಸ್ಸು ನಿಂತದ್ದು ಒಂದು ದಿನಸಿ ಅಂಗಡಿಯ ಮುಂದೆ. ಅಂಗಡಿಯವನ ಮಗಳಿಗೆ ಆಗ ಹನ್ನೆರಡು ವರ್ಷ, ಬಿಳಿಯ ಹುಡುಗಿ. ಹೊಗೆ ಕುಡಿದು ನೆಲದ ಮೇಲೆ ಹೊರಳುತ್ತಿದ್ದವರು ನೀರಿಗಾಗಿ ಬಾಯಿಬಿಡುತ್ತಿದ್ದರು. ಸುತ್ತಲೂ ನಿಂತಿದ್ದ ಗುಂಪು ಅವಳ ಊರಿನವರದೇ. ಆ ಹುಡುಗಿ ಒಳಗೆ ಹೋಗಿ ನೀರು ತಂದು ಒಬ್ಬೊಬ್ಬರಿಗೂ ಕುಡಿಸಿದಳು; ಮತ್ತೆ ಹೋಗಿ ಮತ್ತೆ ತಂದಳು. ಅದಕ್ಕಾಗಿ ಊರಿನವರ ಅಸಮಾಧಾನವನ್ನು ಅವಳು ಬಹುಕಾಲ ಅನುಭವಿಸಬೇಕಾಯಿತು.

ಅರಿಸ್ಟಾಟಲನು ಹೇಳಿದ ಕಾಲವೂ ಒಡನಾಟವೂ ಇಲ್ಲಿ ಇರಲಿಲ್ಲ. ಅವಳು ಆ ಜನರೊಡನೆ ಉಪ್ಪು ತಿಂದಿರಲಿಲ್ಲ. ಅವರ ಹೆಸರನ್ನೂ ಅರಿಯಳು. ಆ ನಂಟು ಬಾಳಿದ್ದು ಮೂರು ದಿನವಲ್ಲ, ಕೆಲವು ನಿಮಿಷ. ಆದರೂ ಇನ್ನೊಬ್ಬರ ಒಳಿತನ್ನು ಅವರಿಗಾಗಿಯೇ ಬಯಸುವ ಮನಸ್ಸು ಇದಕ್ಕಿಂತ ನಿರ್ಮಲವಾಗಿರಲು ಸಾಧ್ಯವೆ? ಬಿಡಾರದವನು ಕೊಡುವ ಬಿಯರು, ಹುಡುಗಿ ಕೊಟ್ಟ ನೀರು, ಎರಡೂ ಅಪರಿಚಿತನ ಬಾಯಾರಿಕೆಗೆ ಕೊಟ್ಟವೇ. ಭೇದವಿರುವುದು ಕಾಲದ ಉದ್ದದಲ್ಲಲ್ಲ. ಬಿಡಾರದವನು ಕೊಟ್ಟದ್ದು ತನ್ನಂಥವನಿಗೆ; ಕೊಟ್ಟದ್ದರಿಂದ ಅವನ ನೆರೆಯವರು ಅವನನ್ನು ಹೊಗಳಿದರು. ಹುಡುಗಿ ಕೊಟ್ಟದ್ದು ತನ್ನವರು ದ್ವೇಷಿಸಿದವರಿಗೆ. ಕೊಟ್ಟದ್ದರಿಂದ ನೆರೆಯವರು ಅವಳ ಮೇಲೆ ಮುನಿದರು. ಮೊದಲಿನಿಂದ ನಾವು ಕೇಳುತ್ತ ಬಂದ ಪ್ರಶ್ನೆಯನ್ನು ಈಗ ತಿದ್ದಿಕೊಳ್ಳಬೇಕು. ಒಳ್ಳೆಯತನವು ಎಷ್ಟು ದಿನ ಬಾಳಿತೆಂದು ಕೇಳುವುದಕ್ಕಿಂತ, ಅದು ಯಾರ ತನಕ ಹೋಗಿ ನಿಂತಿತೆಂದು ಕೇಳುವುದು ಸರಿಯಾದ ಪ್ರಶ್ನೆ.

ಹಾಗೆಂದು ಬಿಡಾರವನ್ನು ಹಳಿದು ಮುಗಿಸುವುದು ನನ್ನ ಅಭಿಪ್ರಾಯವಲ್ಲ. ಅದರಿಂದ ಒಂದು ದೊಡ್ಡ ಉಪಕಾರವಾಗುತ್ತದೆ. ಮನುಷ್ಯನು ತನ್ನ ನೆರೆಯವನೊಡನೆ ಕೆಟ್ಟದಾಗಿ ನಡೆದುಕೊಂಡಾಗ ಸಾಮಾನ್ಯವಾಗಿ ಹೂಡುವ ನೆವ ಒಂದೇ: ‘ಏನು ಮಾಡುವುದು, ನನ್ನ ಸ್ವಭಾವವೇ ಹಾಗೆ, ಜನರೂ ಹಾಗೆಯೇ.’ ಬಯಲಿನಲ್ಲಿ ಮೂರು ದಿನ ಬಾಳಿದವನು ಈ ನೆವವನ್ನು ಹೇಳಲಾರನು. ಗುರುತಿಲ್ಲದವನಿಗೆ ಅನ್ನ ಕೊಡಬಲ್ಲೆ, ಎದುರುಪಕ್ಷದವನ ಪಕ್ಕದಲ್ಲಿ ನಿದ್ರಿಸಬಲ್ಲೆ, ಅವನ ದುಃಖಕ್ಕೆ ಬೆರಳೆತ್ತಬಲ್ಲೆ ಎಂದು ಅವನೇ ತೋರಿಸಿಕೊಟ್ಟಿದ್ದಾನೆ. ಸಾಧ್ಯವೆಂದು ತೋರಿದ್ದು ಅಲ್ಲಿಂದ ಮುಂದೆ ಕರ್ತವ್ಯವಾಗುತ್ತದೆ. ಬಿಡಾರದ ಒಳ್ಳೆಯತನ ಸುಳ್ಳಾಗಿದ್ದರೆ ಅವನಿಗೆ ಯಾವ ಹೊಣೆಯೂ ಇರುತ್ತಿರಲಿಲ್ಲ. ಅದು ನಿಜವಾದ್ದರಿಂದಲೇ ಸೋಮವಾರದ ಹೊಣೆ ಅವನ ತಲೆಯ ಮೇಲೆ ಬಿದ್ದಿತು.

ಇದನ್ನು ಓದುವ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಇಂಥ ಬಿಡಾರಗಳು ಅಪರಿಚಿತವಲ್ಲ. ಶಾಲೆಯ ಪ್ರವಾಸ, ಬಾಲಚರರ ಶಿಬಿರ, ಕ್ರೀಡೆಗಳಿಗೆಂದು ಪರಸ್ಥಳದಲ್ಲಿ ಕಳೆದ ಎರಡು ರಾತ್ರಿ, ಇವೆಲ್ಲವೂ ಮೂರು ದಿನದ ನೆರೆಹೊರೆಗಳೇ. ಅಲ್ಲಿ ತರಗತಿಯಲ್ಲಿ ಮಾತನಾಡದವರು ಮಾತನಾಡುತ್ತಾರೆ. ಒಂದು ಕಂಬಳಿಯನ್ನು ಇಬ್ಬರು ಹೊದೆಯುತ್ತಾರೆ. ಅಂಥ ದಿನಗಳನ್ನು ಬರಿಯ ವಿನೋದವೆಂದು ಎಣಿಸದೆ, ಅಭ್ಯಾಸವೆಂದು ಎಣಿಸಬೇಕು. ಅಭ್ಯಾಸದ ಕಾಗದದ ಮೇಲೆ ಬರೆದ ಲೆಕ್ಕ ಸರಿಯಾದರೆ ಪರೀಕ್ಷೆಯಲ್ಲಿ ಅದನ್ನು ಬಿಡಿಸಲಾರೆನೆಂದು ಹೇಳುವಂತಿಲ್ಲ. ಅಲ್ಲಿರುವಾಗಲೇ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಒಲೆಯ ಸುತ್ತ ಕುಳಿತವರಲ್ಲಿ ಇಲ್ಲದವರು ಯಾರು, ಅವರು ಬಾರದಿರುವುದಕ್ಕೆ ಕಾರಣವೇನು ಎಂಬುದು ಒಂದು. ಶಿಬಿರ ಕಿತ್ತ ಮರುದಿನ, ಶಾಲೆಯ ನಲ್ಲಿಯ ಮುಂದೆ ಸಾಲುನಿಂತಾಗ, ಮೊನ್ನೆ ಕಂಬಳಿ ಹಂಚಿಕೊಂಡವನಿಗೆ ಮೊದಲು ನೀರು ಹಿಡಿಯಲು ಬಿಡುವೆನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕುವುದು ಉಪಾಧ್ಯಾಯರ ಕೆಲಸವೂ ಹೌದು. ಎರಡನೆಯದನ್ನು ಪ್ರತಿಯೊಬ್ಬನೂ ತಾನೇ ಕೊಟ್ಟುಕೊಳ್ಳಬೇಕು.